ಎಂಜಿನ್ ಇಳಿಸದೆ ಬೇರಿಂಗ್ ಬದಲಾವಣೆ: ಒಂದು ವಿಮರ್ಶೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸತೊಡಗಿದವೆಂದರೆ ಇಲ್ಲಿನ ರಸ್ತೆಗಳಲ್ಲಿ ಹಗಲು ರಾತ್ರಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಕಡಿದ ಕಬ್ಬು ಕಾದಷ್ಟೂ ಅದರ ತೂಕ ಮತ್ತು ಸಕ್ಕರೆಯ ಅಂಶ ಇಳಿಯುತ್ತಾ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಎಂಜಿನ್ನಿನ ಒಳಗಿನಿಂದ ಬಡಿತ ಕೇಳಿಸಿ, ಆಯಿಲ್ ಒತ್ತಡದ ಮುಳ್ಳು ಕೆಳಗಿಳಿದರೆ ಮಾಲೀಕನ ಮುಂದೆ ಎರಡು ದಾರಿ. ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಕ್ರ್ಯಾಂಕ್‌ಶಾಫ್ಟನ್ನು ಗ್ರೈಂಡಿಂಗಿಗೆ ಕಳಿಸುವುದು ಒಂದು. ಅದಕ್ಕೆ ದಿನಗಟ್ಟಲೆ ಸಮಯ ಬೇಕು. “ಎಂಜಿನ್ ಇಳಸೂದ್ ಬ್ಯಾಡ್ರಿ, ಕೆಳಗಿಂದನ ಬೇರಿಂಗ್ ಹಾಕಿ ಕೊಡ್ತೇನ್ರಿ” ಎನ್ನುವ ಮೆಕ್ಯಾನಿಕ್‌ನ ಮಾತಿಗೆ ಒಪ್ಪುವುದು ಇನ್ನೊಂದು. ಕಾರು, ಬಾಡಿಗೆ ಜೀಪಿನವರ ಮುಂದೆಯೂ ಇವೇ ಎರಡು ದಾರಿಗಳು.

ಈ ಎರಡನೆಯ ದಾರಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅದು ಬರೀ ತೇಪೆ ಹಚ್ಚುವ ಕೆಲಸ ಎಂದು ಒಬ್ಬರು, ಅಷ್ಟೇ ಸಾಕು ಎಂದು ಇನ್ನೊಬ್ಬರು. ಎರಡನ್ನೂ ಭೌತವಿಜ್ಞಾನದ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಎಂಜಿನ್ ಇಳಿಸದೆ ಬೇರಿಂಗ್ ಬದಲಿಸುವ ವಿಧಾನದಲ್ಲಿ ದೋಷವಿಲ್ಲ; ಅಳತೆ ಮಾಡದೆ ಬದಲಿಸುವ ರೂಢಿಯಲ್ಲಿ ದೋಷವಿದೆ; ಆ ರೂಢಿಯಲ್ಲಿ ನಮ್ಮ ತರಗತಿಗಳಿಗೂ ಒಂದು ಪಾಲಿದೆ ಎಂಬುದು ನನ್ನ ವಾದ.

ಕೆಲಸ ನಡೆಯುವ ಬಗೆ

ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಎಂದರೆ ಗುಂಡುಗಳಿರುವ ಬೇರಿಂಗ್ ಅಲ್ಲ. ಕೊಳವೆಯನ್ನು ಉದ್ದಕ್ಕೆ ಸೀಳಿದಂತಿರುವ ಎರಡು ಅರೆಬಳೆಗಳು ಸೇರಿ ಒಂದು ಬೇರಿಂಗ್. ಹಿಂಬದಿಯಲ್ಲಿ ಉಕ್ಕು, ಒಳಮೈಯಲ್ಲಿ ತಾಮ್ರ-ಸೀಸ ಅಥವಾ ಅಲ್ಯೂಮಿನಿಯಂ-ತವರದಂಥ ಮೆದು ಮಿಶ್ರಲೋಹದ ತೆಳು ಪದರ. ಒಂದು ಅರೆ ಎಂಜಿನ್ ಬ್ಲಾಕಿನಲ್ಲೂ ಇನ್ನೊಂದು ಅರೆ ಕೆಳಗಿನ ಕ್ಯಾಪಿನಲ್ಲೂ ಕೂರುತ್ತದೆ. ನಡುವೆ ತಿರುಗುವ ಶಾಫ್ಟಿನ ದುಂಡು ಭಾಗಕ್ಕೆ ಜರ್ನಲ್ ಎಂದು ಹೆಸರು.

ಸಂಪ್ ಬಿಚ್ಚಿ, ಕ್ಯಾಪ್ ಕಳಚಿದರೆ ಕೆಳಗಿನ ಅರೆ ಕೈಗೆ ಬರುತ್ತದೆ. ಮೇಲಿನ ಅರೆ ಶಾಫ್ಟಿಗೂ ಬ್ಲಾಕಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯುವ ಉಪಾಯ ಜಾಣತನದ್ದು. ಜರ್ನಲಿನಲ್ಲಿ ಆಯಿಲ್ ಬರುವ ತೂತಿಗೆ ತಲೆ ಚಪ್ಪಟೆಯಾದ ಸಣ್ಣ ಪಿನ್ನು ಸಿಕ್ಕಿಸಿ ಶಾಫ್ಟನ್ನು ಕೈಯಿಂದ ಮೆಲ್ಲನೆ ತಿರುಗಿಸಿದರೆ, ಪಿನ್ನಿನ ತಲೆ ಅರೆಬಳೆಯ ಅಂಚನ್ನು ತಳ್ಳುತ್ತದೆ. ಬಳೆ ಸುತ್ತಿಕೊಂಡು ಹೊರಬರುತ್ತದೆ. ಬಳೆಯ ಒಂದು ಅಂಚಿನಲ್ಲಿ ಅದನ್ನು ಸ್ಥಾನದಲ್ಲಿ ಕೂರಿಸುವ ಪುಟ್ಟ ನಾಲಗೆ ಇರುತ್ತದೆ. ನಾಲಗೆಯ ಅಂಚು ಮೊದಲು ಹೊರಬರುವಂತೆ ತಿರುಗಿಸಬೇಕು. ಹೊಸದನ್ನು ಕೂರಿಸುವಾಗ ನಾಲಗೆಯಿಲ್ಲದ ಅಂಚು ಮೊದಲು ಒಳಹೋಗಬೇಕು. ಒಂದು ಸಲಕ್ಕೆ ಒಂದೇ ಬೇರಿಂಗ್. ಉಳಿದ ಕ್ಯಾಪುಗಳನ್ನು ಸಡಿಲಿಸಿ ಹಾಗೆಯೇ ಇಟ್ಟಿರಬೇಕು. ಆಯಿಲ್ ತೂತಿರುವ ಅರೆ ಬ್ಲಾಕಿನ ತೂತಿಗೆ ಸರಿಯಾಗಿ ಕೂರದೆ ಹೋದರೆ ಆ ಬೇರಿಂಗಿಗೆ ಆಯಿಲ್ಲೇ ಇಲ್ಲ.

ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಎಂಜಿನ್ನೇ ಚಾಸಿಯ ಒಂದು ಭಾಗ. ಅಲ್ಲಿ ಎಂಜಿನ್ ಇಳಿಸುವುದೆಂದರೆ ಟ್ರ್ಯಾಕ್ಟರನ್ನೇ ಎರಡು ತುಂಡು ಮಾಡಿದಂತೆ. ಕೆಲವು ಮಾದರಿಗಳಲ್ಲಿ ಮುಂದಿನ ಆಕ್ಸಲ್ಲಿನ ಭಾರವನ್ನು ಎರಕದ ಸಂಪ್ ಕೂಡ ಹೊರುವುದರಿಂದ ಅದನ್ನು ಬಿಚ್ಚುವ ಮುನ್ನ ಎಂಜಿನ್ನಿಗೆ ಗಟ್ಟಿಯಾದ ಆಸರೆ ಕೊಡಬೇಕು. ಎಂಜಿನ್ ಇಳಿಸದ ದಾರಿ ಇಲ್ಲಿ ಏಕೆ ಇಷ್ಟು ಜನಪ್ರಿಯ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಭಾರ ಹೊರುವುದು ಯಾವುದು?

100 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮೇಲೆ ಇಂಧನ ಉರಿದಾಗ 80 ವಾತಾವರಣದಷ್ಟು ಒತ್ತಡ ಉಂಟಾಗುತ್ತದೆ ಎಂದಿಟ್ಟುಕೊಳ್ಳೋಣ. ಡೀಸೆಲ್ ಎಂಜಿನ್ನಿಗೆ ಇದು ಸಾಮಾನ್ಯ ಸಂಖ್ಯೆ. ಪಿಸ್ಟನ್ನಿನ ವಿಸ್ತೀರ್ಣ 78.5 ಚದರ ಸೆಂ.ಮೀ.; ಆದ್ದರಿಂದ ಬಲ ಆರು ಟನ್ನಿಗೂ ಹೆಚ್ಚು. ಕನೆಕ್ಟಿಂಗ್ ರಾಡಿನ ಬೇರಿಂಗ್ 60 ಮಿ.ಮೀ. ವ್ಯಾಸ, 30 ಮಿ.ಮೀ. ಅಗಲದ್ದಾದರೆ ಈ ಭಾರವನ್ನು ಹೊರಲು ಸಿಗುವ ಮುಖ 18 ಚದರ ಸೆಂ.ಮೀ. ಭಾಗಿಸಿ ನೋಡಿ: ಪ್ರತಿ ಚದರ ಸೆಂ.ಮೀ.ಗೆ ಸುಮಾರು 350 ಕಿಲೋಗ್ರಾಂ. ಆಯಿಲ್ ಪಂಪ್ ಕೊಡುವುದು ಮೂರೋ ನಾಲ್ಕೋ ಕಿಲೋಗ್ರಾಂ. ಹಾಗಾದರೆ ಉಳಿದ ಒತ್ತಡ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರದ ಸುಳಿವು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಬೋಶಾಂಪ್ ಟವರ್ ಎಂಬ ಎಂಜಿನಿಯರ್ ರೈಲು ಗಾಡಿಯ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ಮಾಡಿ 1883ರಲ್ಲಿ ವರದಿ ಪ್ರಕಟಿಸಿದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರೆ, ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಬಿರಡೆ ಹಾಕಿದರೆ ಬಿರಡೆಯೇ ಮೇಲೆದ್ದಿತು. ಮಾಪಕ ಜೋಡಿಸಿದಾಗ ಅಲ್ಲಿನ ಒತ್ತಡ, ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸರಾಸರಿಯ ಎರಡು ಪಟ್ಟಿಗೂ ಹೆಚ್ಚಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿದ. ತಿರುಗುವ ಶಾಫ್ಟ್ ತನ್ನ ಮೈಗಂಟಿದ ಎಣ್ಣೆಯನ್ನು ಕಿರಿದಾಗುತ್ತಾ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಸ್ನಿಗ್ಧತೆಯ ಕಾರಣ ಎಣ್ಣೆ ಸುಲಭವಾಗಿ ತಪ್ಪಿಸಿಕೊಳ್ಳಲಾರದು. ಬೆಣೆಯಂತೆ ಸೇರಿಕೊಂಡು ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಪಂಪಿನ ಕೆಲಸ ಈ ಬೆಣೆಗೆ ಎಣ್ಣೆ ಪೂರೈಸುವುದು. ಭಾರ ಹೊರುವುದು ಬೆಣೆ.

ಬೆಣೆ ಸರಿಯಾಗಿ ರೂಪುಗೊಳ್ಳಲು ಸಂದು ಇಷ್ಟೇ ಇರಬೇಕೆಂಬ ನಿಯಮವಿದೆ. ಗ್ಯಾರೇಜಿನವರು ಕ್ಲಿಯರೆನ್ಸ್ ಎನ್ನುವ ಈ ಸಂದು ಸ್ಥೂಲವಾಗಿ ಜರ್ನಲಿನ ವ್ಯಾಸದ ಸಾವಿರದಲ್ಲೊಂದು ಪಾಲು. 60 ಮಿ.ಮೀ. ಜರ್ನಲಿಗೆ 0.06 ಮಿ.ಮೀ. ಇದು ಕಡಿಮೆಯಾದರೆ ಎಣ್ಣೆಯ ಹರಿವು ಸಾಲದೆ ಬೇರಿಂಗ್ ಕಾಯುತ್ತದೆ. ಹೆಚ್ಚಾದರೆ? ಕಿರಿದಾದ ಸಂದಿನಲ್ಲಿ ದ್ರವ ಸೋರುವ ಪ್ರಮಾಣ ಸಂದಿನ ಘನಕ್ಕೆ ಅನುಪಾತದಲ್ಲಿರುತ್ತದೆ. ಸಂದು 0.06ರಿಂದ 0.12ಕ್ಕೆ ಏರಿದರೆ, ಅದೇ ಒತ್ತಡದಲ್ಲಿ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಪಂಪ್ ಒಂದು ಸುತ್ತಿಗೆ ತಳ್ಳುವ ಎಣ್ಣೆ ನಿಗದಿತವಾದ್ದರಿಂದ ಒತ್ತಡದ ಮುಳ್ಳು ಬೀಳಲೇಬೇಕು. ಕೂದಲೆಳೆಯಷ್ಟು ಸವೆತಕ್ಕೆ ಎಂಜಿನ್ ಬಡಿಯುವುದು ಹೀಗೆ.

ರಬಕವಿ-ಬನಹಟ್ಟಿಯ ಪವರ್‌ಲೂಮುಗಳಲ್ಲೂ ಕ್ರ್ಯಾಂಕ್‌ಶಾಫ್ಟ್ ಇದೆ. ಅದು ನಿಮಿಷಕ್ಕೆ ನೂರು, ನೂರೈವತ್ತು ಸುತ್ತು ತಿರುಗುತ್ತದೆ. ಎಂಜಿನ್ನಿನದು ಎರಡು ಸಾವಿರ. ಮಗ್ಗದ ನಿಧಾನಗತಿಯಲ್ಲಿ ಎಣ್ಣೆಯ ಪೂರ್ಣ ಬೆಣೆಯ ಭರವಸೆ ಇಲ್ಲ. ಆಗಾಗ ಎಣ್ಣೆ ಬಿಡುತ್ತಾ, ಶಾಫ್ಟನ್ನು ಕೈಯಲ್ಲಿ ಅಲುಗಿಸಿ ಸವೆತ ಅಂದಾಜು ಮಾಡಿದರೆ ನಡೆಯುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವ ಜ್ಞಾನವೂ ಇದೇ ಬಗೆಯದು. ಎಂಜಿನ್ನಿನಲ್ಲಿ ಈ ಕೈ ಅಂದಾಜು ಸಾಲದು. 0.06ಕ್ಕೂ 0.12ಕ್ಕೂ ಇರುವ ವ್ಯತ್ಯಾಸವನ್ನು ಬೆರಳು ನೆಚ್ಚಿ ಹೇಳಲಾರದು.

ಎಲ್ಲಿ ಸರಿ, ಎಲ್ಲಿ ತಪ್ಪು?

ಈಗ ವಿಮರ್ಶೆಗೆ ಬರೋಣ. ಅರೆಬಳೆ ಮಾತ್ರ ಸವೆದು ಜರ್ನಲ್ ದುಂಡಾಗಿ, ನುಣುಪಾಗಿ ಉಳಿದಿದ್ದರೆ ಎಂಜಿನ್ ಇಳಿಸದೆ ಬೇರಿಂಗ್ ಬದಲಿಸುವುದು ಪೂರ್ತಿ ಸರಿಯಾದ ದುರಸ್ತಿ. ಮೆದು ಲೋಹವನ್ನು ಬಳೆಗೆ, ಗಟ್ಟಿ ಲೋಹವನ್ನು ಶಾಫ್ಟಿಗೆ ಇಟ್ಟಿರುವುದೇ ಅಗ್ಗದ ಭಾಗ ಮೊದಲು ಸವೆಯಲಿ ಎಂದು. ತೇಪೆ ಕೆಲಸ ಎಂದು ಇದನ್ನು ತಳ್ಳಿಹಾಕುವವರು ಈ ವಿನ್ಯಾಸದ ಉದ್ದೇಶವನ್ನೇ ಮರೆತಂತೆ.

ಆದರೆ ಜರ್ನಲ್ ಕೂಡ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಬಳೆಯಿಂದ ಪ್ರಯೋಜನವಿಲ್ಲ. ಆಗ ಶಾಫ್ಟನ್ನು ಗ್ರೈಂಡ್ ಮಾಡಿ, ಗ್ಯಾರೇಜಿನ ಮಾತಿನಲ್ಲಿ ‘ಹತ್ತು ಥೌ’, ‘ಇಪ್ಪತ್ತು ಥೌ’ ಎನ್ನುವ, ಅಷ್ಟು ವ್ಯಾಸ ಕಡಿಮೆಯಾದ ಜರ್ನಲಿಗೆ ಹೊಂದುವ ದಪ್ಪ ಬಳೆ ಹಾಕಬೇಕು. ಹತ್ತು ಥೌ ಎಂದರೆ ಇಂಚಿನ ಸಾವಿರದ ಹತ್ತು ಭಾಗ, 0.25 ಮಿ.ಮೀ. ಆ ಕೆಲಸ ಎಂಜಿನ್ ಇಳಿಸದೆ ಆಗದು. ಗ್ರೈಂಡ್ ಮಾಡದೆ ದಪ್ಪ ಬಳೆ ತುರುಕುವುದು, ಹಳೆಯ ಬಳೆಯ ಹಿಂದೆ ತಗಡಿನ ಚೂರು ಇಡುವುದು, ಕ್ಯಾಪಿನ ಮುಖವನ್ನು ಅರದಿಂದ ಉಜ್ಜುವುದು, ಇವೆಲ್ಲ ಸಂದಿನ ಆಕಾರವನ್ನೇ ಕೆಡಿಸುತ್ತವೆ. ಈ ರೂಢಿಗೆ ಒಂದು ಇತಿಹಾಸವಿದೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಬೇರಿಂಗ್ ಲೋಹವನ್ನು ಕರಗಿಸಿ ನೇರವಾಗಿ ಎರಕ ಹೊಯ್ಯುತ್ತಿದ್ದರು; ಅಂಥ ಬೇರಿಂಗಿನಲ್ಲಿ ತಗಡು ತೆಗೆದು ಅಥವಾ ಕ್ಯಾಪ್ ಉಜ್ಜಿ ಸಂದು ಸರಿಪಡಿಸುವುದು ಒಪ್ಪಿತ ಕ್ರಮವೇ ಆಗಿತ್ತು. ಬೇರಿಂಗ್ ಬದಲಾಯಿತು, ಕೈಯ ಅಭ್ಯಾಸ ಉಳಿಯಿತು.

ಹಾಗಾದರೆ ಜರ್ನಲಿನ ಸ್ಥಿತಿ ತಿಳಿಯುವುದು ಹೇಗೆ? ಕನೆಕ್ಟಿಂಗ್ ರಾಡಿನ ಜರ್ನಲನ್ನು ಪಿಸ್ಟನ್ ಮೇಲಕ್ಕೆ ತಳ್ಳಿ ಮೈಕ್ರೋಮೀಟರಿನಿಂದ ಎರಡು ಮೂರು ದಿಕ್ಕಿನಲ್ಲಿ ಅಳೆಯಬಹುದು. ಮುಖ್ಯ ಜರ್ನಲುಗಳ ಮೇಲರ್ಧ ಬ್ಲಾಕಿನೊಳಗೆ ಇರುವುದರಿಂದ ಅಲ್ಲಿ ಇದು ಕಷ್ಟ. ಅದಕ್ಕೆ ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆ ಬಳಸುತ್ತಾರೆ. ಎಳೆಯನ್ನು ಜರ್ನಲಿನ ಮೇಲಿಟ್ಟು ಕ್ಯಾಪ್ ಬಿಗಿದು ಮತ್ತೆ ಬಿಚ್ಚಿದರೆ ಅದು ಚಪ್ಪಟೆಯಾಗಿರುತ್ತದೆ. ಎಳೆಯ ಗಾತ್ರ ಬದಲಾಗದು. 0.25 ಮಿ.ಮೀ. ವ್ಯಾಸದ ಎಳೆಯ ಅಡ್ಡಕೊಯ್ತದ ವಿಸ್ತೀರ್ಣ 0.049 ಚದರ ಮಿ.ಮೀ. ಸಂದು 0.06 ಇದ್ದರೆ ಎಳೆ ಸುಮಾರು 0.8 ಮಿ.ಮೀ. ಅಗಲವಾಗುತ್ತದೆ, 0.03 ಇದ್ದರೆ 1.6 ಮಿ.ಮೀ. ಕಣ್ಣಿಗೆ ಕಾಣದ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಾಯಿತು!

ಇಲ್ಲೊಂದು ಎಚ್ಚರಿಕೆ ಬೇಕು. ಎಂಜಿನ್ ಇಳಿಸಿ ತಲೆಕೆಳಗಾಗಿಟ್ಟಾಗ ಶಾಫ್ಟ್ ತನ್ನ ತೂಕದಿಂದಲೇ ಬ್ಲಾಕಿನ ಕಡೆಯ ಅರೆಗೆ ಒತ್ತಿಕೊಂಡಿರುತ್ತದೆ. ಸಂದೆಲ್ಲ ಕ್ಯಾಪಿನ ಕಡೆ ಸೇರುತ್ತದೆ. ಎಂಜಿನ್ ವಾಹನದಲ್ಲೇ ಇದ್ದರೆ ಶಾಫ್ಟ್ ಕೆಳಗೆ ಕ್ಯಾಪಿನ ಕಡೆಗೆ ಜೋತಿರುತ್ತದೆ, ಸಂದು ಮೇಲಿರುತ್ತದೆ. ಆಗ ಕ್ಯಾಪಿನಲ್ಲಿಟ್ಟ ಎಳೆ ಸುಳ್ಳು ಹೇಳುತ್ತದೆ. ಅಳೆಯುವ ಮುನ್ನ ಜಾಕ್ ಕೊಟ್ಟು ಶಾಫ್ಟನ್ನು ಮೆಲ್ಲನೆ ಮೇಲಕ್ಕೆ ಒತ್ತಿ ಹಿಡಿಯಬೇಕು. ಅಳತೆಯ ಉಪಕರಣ ಒಂದೇ. ಗುರುತ್ವದ ದಿಕ್ಕನ್ನು ಮರೆತರೆ ಉತ್ತರ ಬೇರೆ.

ಕಳಚಿದ ಹಳೆಯ ಬಳೆಯನ್ನು ಗುಜರಿಗೆ ಎಸೆಯುವ ಮುನ್ನ ಓದಬೇಕು. ಉರಿಯುವ ಇಂಧನ ಪಿಸ್ಟನ್ನನ್ನು ಕೆಳಗೆ ನೂಕುವುದರಿಂದ ಹೆಚ್ಚು ಭಾರ ಬೀಳುವುದು ಕನೆಕ್ಟಿಂಗ್ ರಾಡಿನ ಮೇಲರೆಗೆ ಮತ್ತು ಮುಖ್ಯ ಬೇರಿಂಗಿನ ಕೆಳಅರೆಗೆ. ಉದ್ದನೆಯ ಗೀರುಗಳಿದ್ದರೆ ಆಯಿಲಿನಲ್ಲಿ ಧೂಳು. ಒಂದೇ ಅಂಚು ಸವೆದಿದ್ದರೆ ಬಾಗಿದ ರಾಡ್ ಅಥವಾ ಓರೆಯಾದ ಜರ್ನಲ್. ತಾಮ್ರ-ಸೀಸದ ಬಳೆಯಲ್ಲಿ ತಾಮ್ರದ ಬಣ್ಣ ತೆರೆದಿದ್ದರೆ ಮೇಲ್ಪದರ ಹೋಗಿದೆ. ಕಾರಣ ಸರಿಪಡಿಸದಿದ್ದರೆ ಹೊಸ ಬಳೆಗೂ ಅದೇ ಗತಿ.

ನಮ್ಮ ತರಗತಿಯ ಪಾಲು

ಪಿಯುಸಿ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜ್ ಇಲ್ಲದ ಕಾಲೇಜು ಅಪರೂಪ. ಅದರ ಕನಿಷ್ಠ ಅಳತೆ 0.01 ಮಿ.ಮೀ. ಅಂದರೆ ಮೇಲೆ ಹೇಳಿದ 0.06 ಮಿ.ಮೀ. ಸಂದು ಅದರ ಆರು ಗೆರೆಗಳಷ್ಟು. ಗ್ಯಾರೇಜಿನ ಮೈಕ್ರೋಮೀಟರ್ ಇದೇ ಉಪಕರಣದ ಅಣ್ಣ. ಆದರೆ ನಮ್ಮ ವಿದ್ಯಾರ್ಥಿ ಅದರಿಂದ ಅಳೆಯುವುದು ತಂತಿಯ ವ್ಯಾಸ, ಗಾಜಿನ ಚೂರಿನ ದಪ್ಪ. ಆ ಅಳತೆ ತಪ್ಪಿದರೆ ಯಾರಿಗೂ ನಷ್ಟವಿಲ್ಲ; ಆದ್ದರಿಂದ ಅದು ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ.

ಪಾಠದಲ್ಲೂ ಇದೇ ಕೊರತೆ. ಘರ್ಷಣೆ ಚಲನೆಯ ನಿಯಮಗಳ ಅಧ್ಯಾಯದಲ್ಲಿ, ಸ್ನಿಗ್ಧತೆ ದ್ರವಗಳ ಅಧ್ಯಾಯದಲ್ಲಿ. ಎರಡೂ ಬೇರಿಂಗಿನಲ್ಲಿ ಕೂಡುತ್ತವೆಂದು ಹೇಳುವವರಿಲ್ಲ. ಈ ಲೆಕ್ಕ ಕೊಟ್ಟು ನೋಡಿ. 60 ಮಿ.ಮೀ. ಜರ್ನಲ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಅದರ ಮೈಯ ವೇಗ ಸೆಕೆಂಡಿಗೆ 6.3 ಮೀಟರ್. ಶಾಫ್ಟ್ ನಡುಮಧ್ಯದಲ್ಲಿದೆ ಎಂದು ಭಾವಿಸಿದರೆ ಸುತ್ತಲೂ ಎಣ್ಣೆಯ ಪದರ 0.03 ಮಿ.ಮೀ. ಬಿಸಿ ಆಯಿಲಿನ ಸ್ನಿಗ್ಧತೆ 0.01 ಪಾಸ್ಕಲ್-ಸೆಕೆಂಡ್, ಬೇರಿಂಗಿನ ಅಗಲ 30 ಮಿ.ಮೀ. ನ್ಯೂಟನ್ನನ ಸೂತ್ರ ಹಾಕಿದರೆ ತಡೆಯುವ ಬಲ ಸುಮಾರು 12 ನ್ಯೂಟನ್. ಸರಾಸರಿ ಭಾರ 10,000 ನ್ಯೂಟನ್ ಎಂದಿಟ್ಟುಕೊಂಡರೆ ಘರ್ಷಣಾಂಕ 0.001ರ ಆಸುಪಾಸು. ಈ ಸೂತ್ರದಲ್ಲಿ ಭಾರದ ಮಾತೇ ಇಲ್ಲ ಎಂಬುದನ್ನೂ ಗಮನಿಸಿ. ಘರ್ಷಣೆ ಭಾರಕ್ಕೆ ಅನುಪಾತದಲ್ಲಿರುತ್ತದೆ ಎಂಬ ಪಠ್ಯದ ನಿಯಮ ಒಣ ಮೈಗಳದ್ದು. ಎಣ್ಣೆಯ ಪದರಕ್ಕೆ ಅದು ಸಲ್ಲದು.

ಶಿಕ್ಷಕರಿಗೆ ಒಂದು ಸಲಹೆ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಸವೆದ ಅರೆಬಳೆಗಳು ಕೇಳಿದರೆ ಸಿಗುತ್ತವೆ. ನಾಲ್ಕಾರು ತನ್ನಿ. ಸ್ಕ್ರೂಗೇಜಿನ ದವಡೆ ಚಪ್ಪಟೆ. ಬಳೆಯ ಒಳಮೈ ತಗ್ಗು. ಆದ್ದರಿಂದ ದಪ್ಪ ಅಳೆಯುವಾಗ ಒಳಗೆ ಸಣ್ಣ ಉಕ್ಕಿನ ಗುಂಡು ಇಟ್ಟು, ಅದರ ವ್ಯಾಸ ಕಳೆಯಲು ಹೇಳಿ. ಮಧ್ಯದಲ್ಲೂ ಅಂಚಿನಲ್ಲೂ ಅಳೆದು ನಕ್ಷೆ ಬರೆಯಲಿ. ಹೊಸ ಬಳೆಯೂ ಸೀಳಿದ ಅಂಚಿನ ಬಳಿ ತುಸು ತೆಳುವಾಗಿರುವುದುಂಟು. ಆದ್ದರಿಂದ ಹೋಲಿಕೆಗೆ ಹೊಸದೊಂದು ಇರಲಿ. ಭಾರ ಯಾವ ದಿಕ್ಕಿನಿಂದ ಬಿತ್ತು ಎಂಬುದನ್ನು ನಕ್ಷೆಯಿಂದ ಊಹಿಸಲಿ. ಮೆಕ್ಯಾನಿಕ್ ಅಣ್ಣನನ್ನು ತರಗತಿಗೆ ಕರೆಯಿರಿ. ಬಡಿತ ಕೇಳಿ ಯಾವ ಸಿಲಿಂಡರ್ ಎಂದು ಹೇಳುವ ಅವರ ಕಿವಿಯಿಂದ ಮಕ್ಕಳು ಕಲಿಯಲಿ. ಮಕ್ಕಳ ನಕ್ಷೆ ಅವರಿಗೂ ಉಪಯೋಗಕ್ಕೆ ಬರಲಿ.

ವಾಹನ ಮಾಲೀಕರಾದ ಓದುಗರು ಎಂಜಿನ್ ಇಳಿಸಬೇಕೋ ಬೇಡವೋ ಎಂದು ವಾದಿಸುವ ಮೊದಲು ಮೆಕ್ಯಾನಿಕ್‌ನನ್ನು ಮೂರು ಪ್ರಶ್ನೆ ಕೇಳಿ: ಜರ್ನಲಿನ ಅಳತೆ ಎಷ್ಟು ಬಂತು? ಸಂದು ಎಷ್ಟಿದೆ? ಹಳೆಯ ಬಳೆ ಏಕೆ ಸವೆಯಿತು? ಮೂರಕ್ಕೂ ಉತ್ತರ ಸಿಕ್ಕು, ಅಳತೆಗಳು ತಯಾರಕರ ಮಿತಿಯೊಳಗಿದ್ದರೆ ಕೆಳಗಿನಿಂದಲೇ ಬೇರಿಂಗ್ ಹಾಕಿಸಿ. ಇಲ್ಲವಾದರೆ ಹಂಗಾಮು ಎಷ್ಟೇ ಜೋರಾಗಿರಲಿ, ಎಂಜಿನ್ ಇಳಿಸಿ.