ಹೊಸ ಗಡಿಗೆ ಮತ್ತು ಜರಡಿ: ಮೂತ್ರಾಂಗಗಳ ಎರಡು ಉಪಮೆಗಳ ವಿಮರ್ಶೆ

ಕಾವ್ಯದಲ್ಲಿ ಉಪಮೆಯನ್ನು ಔಚಿತ್ಯದಿಂದ ಅಳೆಯುತ್ತೇವೆ. ಶಾಸ್ತ್ರದಲ್ಲಿ ಇನ್ನೊಂದು ಅಳತೆಗೋಲೂ ಬೇಕು: ಉಪಮಾನದಿಂದ ಹೊರಡುವ ಅನುಮಾನಗಳು ಉಪಮೇಯದಲ್ಲಿ ನಿಜವಾಗುತ್ತವೆಯೇ ಎಂಬುದು. ಮೂತ್ರಾಂಗಗಳನ್ನು ಕುರಿತ ಎರಡು ಪ್ರಸಿದ್ಧ ಉಪಮೆಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಅಶ್ಮರಿಯನ್ನು ಕುರಿತ ಅಧ್ಯಾಯದಲ್ಲಿ ಬರುತ್ತದೆ. ಹೊಸ ಗಡಿಗೆಯನ್ನು ಬಾಯಿಯವರೆಗೆ ನೀರಿನಲ್ಲಿ ಇರಿಸಿದರೆ ಪಾರ್ಶ್ವಗಳಿಂದ ನೀರು ಜಿನುಗಿ ತುಂಬುವಂತೆ, ಸೂಕ್ಷ್ಮವಾದ ಸಹಸ್ರಾರು ನಾಡಿಗಳ ಮೂಲಕ ಬಸ್ತಿಯು, ಎಂದರೆ ಮೂತ್ರಕೋಶವು, ತುಂಬುತ್ತದೆ ಎಂಬುದು ಅದರ ತಾತ್ಪರ್ಯ. ಜಿನುಗುವಿಕೆಯನ್ನು ಇಷ್ಟು ಸಹಜವಾಗಿ ಕಾಣಿಸುವ ಉಪಮೆ ದುರ್ಲಭ. ಆದರೆ ಇದು ನಿಜವಾಗಬೇಕಾದರೆ ಬಸ್ತಿಯ ಗೋಡೆಯೆಲ್ಲವೂ ದ್ವಾರವಾಗಬೇಕು. ವಸ್ತುಸ್ಥಿತಿ ಹಾಗಿಲ್ಲ. ಸುಮಾರು ೨೫ರಿಂದ ೩೦ ಸೆಂಟಿಮೀಟರು ಉದ್ದದ ಎರಡು ಮೂತ್ರನಾಳಗಳು ಮೂತ್ರಪಿಂಡಗಳಿಂದ ಇಳಿದು ಬಸ್ತಿಯ ಗೋಡೆಯನ್ನು ಓರೆಯಾಗಿ ಹೊಗುತ್ತವೆ. ಬಸ್ತಿ ತುಂಬಿದಂತೆ ಆ ಓರೆದಾರಿ ಅದುಮಿಕೊಂಡು ಹಿಮ್ಮುಖಪ್ರವಾಹವನ್ನು ತಡೆಯುತ್ತದೆ. ಕ್ರಿ.ಶ. ೨ನೆಯ ಶತಮಾನದಲ್ಲಿ ಗ್ಯಾಲೆನ್ ಪ್ರಾಣಿಗಳ ಮೂತ್ರನಾಳಗಳನ್ನು ಕಟ್ಟಿ, ಬಸ್ತಿ ಬರಿದಾಗಿಯೇ ಉಳಿದು ಕಟ್ಟಿನ ಮೇಲಣ ಭಾಗ ಉಬ್ಬುವುದನ್ನು ತೋರಿಸಿದನು.

ಆ ಸಹಸ್ರ ನಾಡಿಗಳೇ ಇಂದಿನ ನೆಫ್ರಾನುಗಳೆಂದು ಕೆಲವರು ಅರ್ಥೈಸುವುದುಂಟು. ಇದು ಒಪ್ಪತಕ್ಕದ್ದಲ್ಲ. ಗ್ರಂಥದ ನಾಡಿಗಳು ತುಂಬುವುದು ಬಸ್ತಿಯನ್ನು, ನೆಫ್ರಾನುಗಳಿರುವುದು ಮೂತ್ರಪಿಂಡದಲ್ಲಿ. ವೃಕ್ಕವು ಪ್ರಾಚೀನರಿಗೆ ತಿಳಿದಿದ್ದಿತಾದರೂ ಚರಕಸಂಹಿತೆ ಅದನ್ನು ಮೇದೋವಹ ಸ್ರೋತಸ್ಸುಗಳಿಗೆ ಮೂಲವೆಂದು ಹೇಳಿ, ಮೂತ್ರವಹ ಸ್ರೋತಸ್ಸುಗಳಿಗೆ ಬಸ್ತಿ-ವಂಕ್ಷಣಗಳನ್ನು ಮೂಲವಾಗಿ ಇರಿಸಿದೆ. ಪ್ರಾಚೀನರ ಮಾತನ್ನು ಅವರು ಹೇಳಿದಂತೆಯೇ ಓದುವುದು ಅವರಿಗೆ ಸಲ್ಲತಕ್ಕ ಗೌರವ.

ಹಾಗೆಂದು ನಮ್ಮ ತರಗತಿಗಳ ಜರಡಿಯ ಉಪಮೆಯೂ ನಿರ್ದುಷ್ಟವಲ್ಲ. ಪ್ರತಿಯೊಂದು ಮೂತ್ರಪಿಂಡದಲ್ಲಿ ಸುಮಾರು ೧೦ ಲಕ್ಷ ನೆಫ್ರಾನುಗಳಿವೆ. ಒಂದೊಂದರ ಆದಿಯಲ್ಲಿರುವ ಕೇಶನಾಳಗಳ ಗುಚ್ಛವು ರಕ್ತಕಣಗಳನ್ನೂ ಪ್ರೋಟೀನುಗಳನ್ನೂ ಬಹುಮಟ್ಟಿಗೆ ತಡೆದು, ನೀರು, ಲವಣ, ಸಕ್ಕರೆ, ಯೂರಿಯಗಳನ್ನು ಬಿಡುತ್ತದೆ. ಇಲ್ಲಿಯವರೆಗೆ ಜರಡಿಯ ಮಾತು ಸಲ್ಲುತ್ತದೆ. ಆದರೆ ೧೯೨೪ರಲ್ಲಿ ವರ್ನ್ ಮತ್ತು ರಿಚರ್ಡ್ಸ್ ಅವರು ಕಪ್ಪೆಯ ಗುಚ್ಛದಿಂದ ಸೋಸಿಬಂದ ದ್ರವವನ್ನು ಸೂಕ್ಷ್ಮವಾದ ಗಾಜಿನ ಕೊಳವೆಯಿಂದ ಸೆಳೆದು ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆಯಿದ್ದಿತು. ಬಸ್ತಿಯ ಮೂತ್ರದಲ್ಲಿ ಇರಲಿಲ್ಲ. ನಡುದಾರಿಯಲ್ಲಿ ಯಾರೋ ಅದನ್ನು ಮರಳಿ ಪಡೆದಿರಬೇಕಷ್ಟೆ. ಪಡೆಯುವವು ನಳಿಕೆಯ ಜೀವಕೋಶಗಳು. ಮನುಷ್ಯನಲ್ಲಿ ದಿನಕ್ಕೆ ಸುಮಾರು ೧೮೦ ಲೀಟರು ದ್ರವ ಸೋಸಿಬಂದರೂ ಹೊರಹೋಗುವ ಮೂತ್ರ ಸಾಮಾನ್ಯವಾಗಿ ಒಂದೂವರೆ ಲೀಟರು. ನೀರು ಕಡಮೆಯಾದ ದಿನ ಪಿಟ್ಯುಟರಿಯಿಂದ ಬರುವ ಹಾರ್ಮೋನಿನ ಪ್ರಭಾವದಿಂದ ಅದು ಇನ್ನೂ ಇಳಿಯುತ್ತದೆ. ತಾನು ಬಿಟ್ಟುದನ್ನು ಮರಳಿ ಆಯ್ದುಕೊಳ್ಳುವ ಜರಡಿ ಎಲ್ಲಿಯೂ ಇಲ್ಲ.

ಈ ದೋಷ ಅಲ್ಪವಾದುದಲ್ಲ. ಮಧುಮೇಹದಲ್ಲಿ ಮೂತ್ರದಲ್ಲಿ ಸಕ್ಕರೆ ಕಾಣುವುದೇಕೆಂದು ಕೇಳಿದರೆ, ಜರಡಿಯನ್ನು ನಂಬಿದ ವಿದ್ಯಾರ್ಥಿ ಅದು ಹರಿದಿದೆಯೆಂದಾನು. ಸಕ್ಕರೆಯಾದರೋ ಆರೋಗ್ಯವಂತನಲ್ಲಿಯೂ ಸೋಸಿಬರುತ್ತದೆ. ರೋಗಿಯಲ್ಲಿ ಅದರ ಪ್ರಮಾಣ ನಳಿಕೆಗಳು ಮರಳಿ ಪಡೆಯುವ ಶಕ್ತಿಯನ್ನು ಮೀರಿರುತ್ತದೆ. ಹರಿದ ಜರಡಿಯ ಮಾತು ಹೊಂದುವುದು ಮೂತ್ರದಲ್ಲಿ ಪ್ರೋಟೀನು ಹೇರಳವಾಗಿ ಕಂಡಾಗ. ಈ ಎರಡು ಕಾರಣಗಳನ್ನು ಬೇರ್ಪಡಿಸಲಾರದವನು ರೋಗವನ್ನು ಹೇಗೆ ತಿಳಿದಾನು?

ಉಪಾಧ್ಯಾಯರು ಜರಡಿಯನ್ನು ಕೈಬಿಡಬೇಕಾಗಿಲ್ಲ. ಅದರ ಅಧಿಕಾರ ಗುಚ್ಛದ ಬಳಿಯೇ ಮುಗಿಯಿತೆಂದು ತಿಳಿಸಿ, ಅಲ್ಲಿಂದ ಮುಂದಕ್ಕೆ ನಳಿಕೆಯ ಪಾಠವನ್ನು ಆರಂಭಿಸಿದರೆ ಸಾಕು.