ಆಮದು, ರಫ್ತು ಮತ್ತು ಗೆಜ್ಜೆ

ಅಮೆರಿಕದಲ್ಲಿ ನೆಲೆಸಿದ ಅನೇಕ ಭಾರತೀಯ ಕುಟುಂಬಗಳಲ್ಲಿ ಮಗಳ ಭರತನಾಟ್ಯದ ರಂಗಪ್ರವೇಶವೆಂದರೆ ಮದುವೆಗೆ ಸರಿಸಮನಾದ ಸಮಾರಂಭ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಬೇಸಿಗೆಯ ವಾರಾಂತ್ಯಗಳಲ್ಲಿ ಇವು ಸಾಲುಸಾಲಾಗಿ ನಡೆಯುತ್ತವೆ. ಚೆನ್ನೈಯಿಂದಲೋ ಬೆಂಗಳೂರಿನಿಂದಲೋ ಹಾಡುಗಾರರು, ಮೃದಂಗದವರು ವಿಮಾನ ಹತ್ತಿ ಬರುತ್ತಾರೆ. ರೇಷ್ಮೆಯ ಉಡುಪು, ಒಡವೆ, ಬಣ್ಣದ ಸ್ಮರಣ ಸಂಚಿಕೆ, ನೂರಾರು ಜನರಿಗೆ ಊಟ ಎಂದು ಖರ್ಚು ಹತ್ತಾರು ಸಾವಿರ ಡಾಲರ್ ಮುಟ್ಟುವುದು ಅಪರೂಪವಲ್ಲ. ಹದಿನಾರು, ಹದಿನೇಳರ ಹುಡುಗಿ ಎರಡು ಮೂರು ಗಂಟೆ ಒಬ್ಬಳೇ ನರ್ತಿಸುತ್ತಾಳೆ. ಮರುವರ್ಷ ಕಾಲೇಜಿಗೆ ಹೋಗುತ್ತಾಳೆ. ರಂಗಪ್ರವೇಶ ಎಂಬ ಮಾತಿಗೆ ರಂಗವನ್ನು ಹೊಗುವುದು ಎಂದರ್ಥ. ಆದರೆ ಬಹಳ ಹುಡುಗಿಯರು ಗೆಜ್ಜೆ ಬಿಚ್ಚಿಡುವುದೂ ಅಲ್ಲಿಗೇ.

ಇದನ್ನು ಹಂಗಿಸುವುದು ಸುಲಭ. ನಾವು ಹಂಗಿಸುವುದಿಲ್ಲ. ಹತ್ತು ವರ್ಷ ವಾರವಾರವೂ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ನೃತ್ಯದ ಪಾಠಕ್ಕೆ ಹೋಗಿಬರುವ ತಾಯಿಯ ಶ್ರಮ ಸಣ್ಣದಲ್ಲ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಿಸಿದ ಮೇಲೆ ವೈದ್ಯರು, ಇಂಜಿನಿಯರರು, ವಿಜ್ಞಾನಿಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. ಮಕ್ಕಳು ಬೆಳೆದಂತೆ ಮನೆಮಾತು ನಾಲಿಗೆಯಿಂದ ಜಾರಿತು. ಭಾಷೆ ಜಾರಿದ ಜಾಗದಲ್ಲಿ ನೃತ್ಯ ಬಂದು ಕುಳಿತಿತು. ಕನ್ನಡದಲ್ಲಿ ನಾಲ್ಕು ಸಾಲು ಓದಲಾರದ ಹುಡುಗಿ ದಾಸರ ಪದಕ್ಕೆ ಅಭಿನಯ ಮಾಡಬಲ್ಲಳು. ಊರನ್ನು ಬಿಟ್ಟುಬಂದ ತಂದೆತಾಯಿಗೆ ಅದೊಂದು ಸಮಾಧಾನ.

ನಮ್ಮ ಪ್ರಶ್ನೆ ಬೇರೆ. ಆ ವೇದಿಕೆಯ ಮೇಲೆ ‘ಭಾರತ’ ಎಂದು ತೋರಿಸಲಾಗುತ್ತಿರುವುದು ಯಾವುದು? ರಂಗಪ್ರವೇಶದ ಸ್ಮರಣ ಸಂಚಿಕೆಗಳಲ್ಲಿ ಒಂದು ಒಕ್ಕಣೆ ಮತ್ತೆ ಮತ್ತೆ ಸಿಗುತ್ತದೆ. ಈ ನೃತ್ಯ ಎರಡು ಸಾವಿರ ವರ್ಷ ಹಳೆಯದು, ಭರತಮುನಿಯ ಶಾಸ್ತ್ರದಿಂದ ಹುಟ್ಟಿತು, ದೇವಾಲಯದಲ್ಲಿ ಬೆಳೆಯಿತು, ಈಗ ನಿಮ್ಮ ಮುಂದಿದೆ. ಹುಟ್ಟಿಗೂ ಇಂದಿಗೂ ನಡುವೆ ಮನುಷ್ಯರೇ ಇಲ್ಲ. ಆ ನೃತ್ಯವನ್ನು ತಮ್ಮ ದೇಹದಲ್ಲಿ ಹೊತ್ತು ತಂದವರ ಒಂದು ಹೆಸರೂ ಇಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ.

ನಮ್ಮ ಮೈಸೂರಿನ ಕಥೆಯನ್ನೇ ನೋಡಿ. ಅರಮನೆಯ ಆಸ್ಥಾನ ನರ್ತಕಿಯಾಗಿದ್ದ ಜಟ್ಟಿ ತಾಯಮ್ಮನವರ ಬಳಿ ಎಂಟು ವರ್ಷದ ಹುಡುಗಿಯೊಬ್ಬಳು ಕಲಿಯಲು ಬಂದಳು. ಕಡೂರು ಸೀಮೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದ ಮಗು ಅದು. ಮುಂದೆ ಆಕೆಯೂ ಆಸ್ಥಾನ ವಿದುಷಿಯಾದಳು, ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದಳು, 1992ರಲ್ಲಿ ಪದ್ಮಭೂಷಣ ಪಡೆದಳು. ಅವರೇ 2002ರಲ್ಲಿ ತೀರಿಕೊಂಡ ಕೆ. ವೆಂಕಟಲಕ್ಷಮ್ಮ. ಅವರ ಅಭಿನಯದಲ್ಲಿ ಜಾವಳಿಗೆ ದೊಡ್ಡ ಸ್ಥಾನವಿತ್ತು. ಜಾವಳಿ ಪ್ರೇಮದ ಹಾಡು. ಅದರಲ್ಲಿ ನಾಯಕಿ ಸಿಟ್ಟಾಗುತ್ತಾಳೆ, ಗೇಲಿ ಮಾಡುತ್ತಾಳೆ, ಬಾ ಎಂದು ಕರೆಯುತ್ತಾಳೆ. ದೇವರ ಹೆಸರಿನ ಮರೆ ಅದಕ್ಕೆ ಬೇಕಿರಲಿಲ್ಲ. ತಾಂಡಾದ ಈ ಮಗಳು ಮೈಸೂರು ಶೈಲಿಯನ್ನು ಉಳಿಸಿಕೊಟ್ಟಳು ಎಂಬ ಒಂದು ಸಾಲು, ಕಡಲಾಚೆ ಕನ್ನಡದ ಮಗುವಿನ ರಂಗಪ್ರವೇಶದ ಪುಸ್ತಿಕೆಯಲ್ಲಿ ಇರಬಾರದೇ?

ಇಲ್ಲದಿರುವುದಕ್ಕೆ ಕಾರಣವಿದೆ. ಮೈಸೂರು ಸರ್ಕಾರ 1909ರಲ್ಲಿಯೇ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. 1947ರಲ್ಲಿ ಮದರಾಸು ಪ್ರಾಂತದ ಕಾಯಿದೆ ಬಂತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ನಿಲ್ಲಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯ ಜೊತೆಗೆ ಆ ಹೆಣ್ಣುಮಕ್ಕಳ ಕೈಯಿಂದ ಕಲೆಯೂ ಜಾರಿಹೋಯಿತು. ಸದಿರ್ ಎಂದು ಕರೆಸಿಕೊಳ್ಳುತ್ತಿದ್ದ ನೃತ್ಯಕ್ಕೆ 1930ರ ದಶಕದಲ್ಲಿ ಭರತನಾಟ್ಯ ಎಂಬ ಹೆಸರು ನಿಂತಿತು. ರುಕ್ಮಿಣಿದೇವಿ 1936ರಲ್ಲಿ ಕಲಾಕ್ಷೇತ್ರವನ್ನು ಕಟ್ಟಿದರು. ವೇದಿಕೆಗೆ ನಟರಾಜನ ವಿಗ್ರಹ ಬಂತು, ಶೃಂಗಾರ ಹಿಂದೆ ಸರಿಯಿತು, ಭಕ್ತಿ ಮುಂದೆ ಬಂತು. ಮೇಲುಜಾತಿಯ, ಮಧ್ಯಮವರ್ಗದ ಮನೆಯ ಹೆಣ್ಣುಮಕ್ಕಳು ಕಲಿಯಬಹುದಾದ ನೃತ್ಯ ಅದಾಯಿತು. ಅದೂ ಒಂದು ಸಾಧನೆಯೇ. ಆದರೆ ಕಲಿಸಿದವರ ಮನೆಯ ಮಕ್ಕಳಿಗೆ ಗೆಜ್ಜೆಯೇ ಕಳಂಕವಾಯಿತು. ಕಡಲು ದಾಟಿ ಹೋದದ್ದು ಹೆಚ್ಚಾಗಿ ಹೀಗೆ ತೊಳೆದು ಮಡಿ ಮಾಡಿದ ನೃತ್ಯ.

ಹೆಚ್ಚಾಗಿ ಎಂದೆವು, ಪೂರ್ತಿಯಾಗಿ ಅಲ್ಲ. ಯಾಕೆಂದರೆ ಅಮೆರಿಕಕ್ಕೆ ಬಾಲಸರಸ್ವತಿಯವರೂ ಹೋಗಿದ್ದರು. ದೇವದಾಸಿ ಮನೆತನದ ಈ ಮಹಾ ಕಲಾವಿದೆ 1962ರಲ್ಲಿ ಮೊದಲ ಬಾರಿಗೆ ಅಲ್ಲಿ ನರ್ತಿಸಿದರು. ಮುಂದೆ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅವರ ತಮ್ಮಂದಿರು, ಮೃದಂಗದ ರಂಗನಾಥನ್ ಮತ್ತು ಕೊಳಲಿನ ವಿಶ್ವನಾಥನ್, ಅದೇ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಕಲಿಸಿದರು. ಶೃಂಗಾರವನ್ನು ನಾಚಿಕೆಯ ವಸ್ತುವೆಂದು ಒಪ್ಪದೆ, ಅದನ್ನೇ ನೃತ್ಯದ ಎತ್ತರವೆಂದು ಸಾಧಿಸಿದವರು ಬಾಲಸರಸ್ವತಿ. ಅವರ ಮಗಳು ಲಕ್ಷ್ಮಿ, ಮೊಮ್ಮಗ ಅನಿರುದ್ಧ ಆ ಬಾನಿಯನ್ನು ಮುಂದುವರಿಸಿದರು. ಅಂದರೆ ಊರಿನಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿದ್ದ ಪರಂಪರೆಗೆ ಪರದೇಶದ ವಿದ್ಯಾರ್ಥಿಗಳು ಕೂರಲು ಜಾಗ ಕೊಟ್ಟರು. ಹೊರದೇಶಕ್ಕೆ ಹೋದ ಕೂಡಲೇ ಕಲೆ ಕೆಡುತ್ತದೆ ಎಂಬ ಸುಲಭದ ಮಾತನ್ನು ನಾವು ಒಪ್ಪದಿರುವುದು ಇದಕ್ಕಾಗಿ.

ಹಿಂದೂ ಎಂಬ ಶಬ್ದಕ್ಕೂ ಅಲ್ಲಿ ಒಂದು ಚರಿತ್ರೆಯಿದೆ. ಒಂದು ಕಾಲದಲ್ಲಿ ಪಶ್ಚಿಮದವರಿಗೆ ಹಿಂದೂಸ್ತಾನದಿಂದ ಬಂದವರೆಲ್ಲ ಹಿಂದೂಗಳೇ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರಿಗೆ ಪೌರತ್ವವಿಲ್ಲ ಎಂದಾಗ ತೀರ್ಪಿನಲ್ಲಿ ಅವರನ್ನು ಹಿಂದೂ ಎಂದೇ ಕರೆಯಿತು. ಅದೇ ವರ್ಷ ಲಂಡನ್ನಿನಲ್ಲಿ ಉದಯಶಂಕರ್ ಅವರು ಆನ್ನಾ ಪಾವ್ಲೋವಾ ಜೊತೆ ನರ್ತಿಸಿದರು. ಮುಂದೆ ಅವರು ಕಟ್ಟಿದ ತಂಡದ ಕಲೆಯೂ ಅಲ್ಲಿಯವರಿಗೆ ‘ಹಿಂದೂ ನೃತ್ಯ’ವೇ ಆಗಿತ್ತು. 1935–36ರ ಪ್ರವಾಸದಲ್ಲಿ ಆ ‘ಹಿಂದೂ ನೃತ್ಯ’ದ ಜೊತೆಗೆ ಹೋದ ಸಂಗೀತಗಾರ ಮೈಹರಿನ ಉಸ್ತಾದ್ ಅಲ್ಲಾವುದ್ದೀನ್ ಖಾನ್. ಬೆಂಗಳೂರಿನಲ್ಲಿ ಹುಟ್ಟಿ, ಬರ್ಮಾದ ತಾಯಿಯ ಮಗನಾಗಿ, ಕಥಕಳಿ, ಭರತನಾಟ್ಯ, ಕಥಕ್ ಮೂರನ್ನೂ ಕಲಿತು, 1939ರಲ್ಲಿ ಲಂಡನ್ನನ್ನು ಬೆರಗುಗೊಳಿಸಿದ ರಾಮಗೋಪಾಲ್ ಅವರನ್ನು ಕೂಡ ಆ ಹೆಸರಿನ ಕೆಳಗೇ ನೋಡಲಾಯಿತು. ಅಂದು ಆ ಶಬ್ದ ಅಜ್ಞಾನದಿಂದ ಎಲ್ಲರನ್ನೂ ಒಳಗೆ ಸೇರಿಸಿಕೊಂಡಿತ್ತು. ಇಂದು ಭಾರತೀಯ ಎಂಬ ಶಬ್ದ ತಿಳಿದೂ ತಿಳಿದೂ ಕೆಲವರನ್ನು ಹೊರಗೆ ನಿಲ್ಲಿಸುತ್ತಿದೆ.

ಕಥಕ್‌ನತ್ತ ತಿರುಗಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಥಕ್ ನರ್ತಕರು ರಂಗಕ್ಕೆ ಬರುವ ಮೊದಲ ಬಂಧಕ್ಕೆ ‘ಆಮದ್’ ಎಂದು ಹೆಸರು. ಫಾರ್ಸಿಯಲ್ಲಿ ಆಮದ್ ಎಂದರೆ ಬಂದದ್ದು, ರಫ್ತ್ ಎಂದರೆ ಹೋದದ್ದು. ನಮ್ಮ ಮಂಡಿಯ ವ್ಯಾಪಾರಿಗಳು ದಿನವೂ ಆಡುವ ಆಮದು, ರಫ್ತುಗಳು ಇವೇ. ಸಭಿಕರಿಗೆ ವಂದಿಸುವ ತುಣುಕಿಗೆ ‘ಸಲಾಮಿ’ ಎಂದು ಹೆಸರು. ಈಗ ಕೆಲವರು ಅದನ್ನು ರಂಗಮಂಚದ ಟುಕಡಾ ಎಂದು ಕರೆಯುತ್ತಾರೆ. ಕೈ ಹಣೆಗೆ ಹೋಗುವುದು ತಪ್ಪಿಲ್ಲ, ಹೆಸರು ಮಾತ್ರ ಬದಲಾಯಿತು. ಭರತನಾಟ್ಯದವರಿಗೂ ಈ ಮಾತು ಹೊರಗಿನದಲ್ಲ. ತಂಜಾವೂರಿನ ಮರಾಠ ದೊರೆಗಳ ಆಸ್ಥಾನದಲ್ಲಿ ಅರಸನಿಗೆ ವಂದಿಸುವ ‘ಸಲಾಂ ದರು’ಗಳನ್ನು ನರ್ತಕಿಯರು ಹಾಡಿ ಕುಣಿಯುತ್ತಿದ್ದರು. ಹಿಂದೂ ಅರಸನಿಗೆ ಸಲಾಂ ಹೇಳಿದರೆ ಅಂದು ಯಾರ ಧರ್ಮಕ್ಕೂ ಮೈಲಿಗೆಯಾಗಲಿಲ್ಲ.

ಕಥಕ್‌ಗೆ ಆಶ್ರಯ ಕೊಟ್ಟ ಅವಧದ ನವಾಬ ವಾಜಿದ್ ಅಲಿ ಶಾ ಸ್ವತಃ ಗಡೀಪಾರಾದವನು. 1856ರಲ್ಲಿ ಇಂಗ್ಲಿಷರು ರಾಜ್ಯ ಕಿತ್ತುಕೊಂಡ ಮೇಲೆ ಅವನು ಕಲ್ಕತ್ತೆಯ ಮಟಿಯಾ ಬುರ್ಜ್‌ನಲ್ಲಿ ಇನ್ನೊಂದು ಲಖನೌವನ್ನೇ ಕಟ್ಟಿಕೊಂಡ. ಊರು ಕಳೆದುಕೊಂಡವನು ಹಾಡಿನಲ್ಲಿ, ಕುಣಿತದಲ್ಲಿ ಊರು ಹುಡುಕುವುದು ಅನಿವಾಸಿ ಭಾರತೀಯರು ಕಂಡುಹಿಡಿದ ಸಂಗತಿಯಲ್ಲ. ಅದೇ ಕಲ್ಕತ್ತೆಯಿಂದ 1970ರಲ್ಲಿ ಅಮೆರಿಕಕ್ಕೆ ಹೋದ ಚಿತ್ರೇಶ್ ದಾಸ್ ಅವರನ್ನು ಮರುವರ್ಷ ಕ್ಯಾಲಿಫೋರ್ನಿಯಾಕ್ಕೆ ಕರೆಸಿ ಕಥಕ್ ಕಲಿಸಲು ಹಚ್ಚಿದ್ದು ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಸಂಗೀತ ಕಾಲೇಜು. ಅಲಿ ಅಕ್ಬರ್, ಮೇಲೆ ಹೇಳಿದ ಅಲ್ಲಾವುದ್ದೀನ್ ಖಾನರ ಮಗ. ದಾಸ್ 2015ರಲ್ಲಿ ತೀರಿಕೊಳ್ಳುವವರೆಗೆ ಆ ಸೀಮೆಯಲ್ಲಿ ತಲೆಮಾರುಗಳಿಗೆ ಗೆಜ್ಜೆ ಕಟ್ಟಿಸಿದರು. ಉಸ್ತಾದರ ಮನೆಯಲ್ಲಿ ಪಂಡಿತರಿಗೆ ಜಾಗ, ಪಂಡಿತರ ಮನೆಯಲ್ಲಿ ಉಸ್ತಾದರಿಗೆ ಜಾಗ. ನಾವು ತೆಹಜೀಬ್ ಎನ್ನುವುದು ಇದನ್ನು.

ಇದರ ಫಲವನ್ನು ನೋಡಬೇಕಾದರೆ ಲಂಡನ್ನಿನ ಅಕ್ರಂ ಖಾನ್ ಅವರನ್ನು ನೋಡಬೇಕು. ಬಾಂಗ್ಲಾದೇಶದಿಂದ ಬಂದ ಮುಸ್ಲಿಂ ಕುಟುಂಬದಲ್ಲಿ 1974ರಲ್ಲಿ ಹುಟ್ಟಿದವರು. ಬಿರ್ಜು ಮಹಾರಾಜರ ಶಿಷ್ಯ ಪ್ರತಾಪ್ ಪವಾರ್ ಇವರ ಗುರು. ಹುಡುಗನಾಗಿದ್ದಾಗ ಪೀಟರ್ ಬ್ರೂಕ್ ಅವರ ‘ಮಹಾಭಾರತ’ದಲ್ಲಿ ಅಭಿನಯಿಸಿದರು. ಅದರ ಚಿತ್ರರೂಪದಲ್ಲಿ ಇವರದು ಏಕಲವ್ಯನ ಪಾತ್ರ. ಹೊರಗೆ ನಿಂತು ಕಲಿತವನ ಪಾತ್ರ ಈ ಹುಡುಗನಿಗೇ ಬಂದದ್ದು ಆಕಸ್ಮಿಕವಿರಬಹುದು. ಆದರೆ ಇವರ ಗುರು ಹೆಬ್ಬೆರಳು ಕೇಳಲಿಲ್ಲ, ತಾಳ ಕೊಟ್ಟರು.

2018ರಲ್ಲಿ ಅಥೆನ್ಸಿನಲ್ಲಿ ಮೊದಲ ಪ್ರದರ್ಶನ ಕಂಡ ಅವರ ಏಕವ್ಯಕ್ತಿ ಕೃತಿ ‘ಝೆನೋಸ್’. ಗ್ರೀಕಿನಲ್ಲಿ ಆ ಮಾತಿಗೆ ಪರಕೀಯ ಎಂದರ್ಥ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದ ಹತ್ತು ಲಕ್ಷಕ್ಕೂ ಮಿಕ್ಕ ಅವಿಭಜಿತ ಭಾರತದ ಜನರಲ್ಲಿ ಒಬ್ಬ ಅದರ ನಾಯಕ. ಅವನು ನರ್ತಕನೂ ಹೌದು. ಆರಂಭದಲ್ಲಿ ಒಂದು ಮೆಹಫಿಲ್. ಹಾಡುಗಾರರ ಪಕ್ಕದಲ್ಲಿ ಬೆಂಗಳೂರಿನ ಬಿ.ಸಿ. ಮಂಜುನಾಥ್ ಅವರ ಮೃದಂಗ. ಆಮೇಲೆ ಹಗ್ಗಗಳು ಆ ಮೆಹಫಿಲ್ಲಿನ ಸಾಮಾನುಗಳನ್ನೆಲ್ಲ ಎಳೆದುಕೊಂಡು ಹೋಗುತ್ತವೆ. ಉಳಿಯುವುದು ಕಂದಕದಂಥ ಮಣ್ಣಿನ ಇಳಿಜಾರು. ಕಾಲಿನಿಂದ ಬಿಚ್ಚಿದ ಗೆಜ್ಜೆ ಸರಪಳಿಯಾಗುತ್ತದೆ, ಎದೆಗೆ ಸುತ್ತಿಕೊಂಡಾಗ ಗುಂಡುಗಳ ಪಟ್ಟಿಯಂತೆ ಕಾಣುತ್ತದೆ. ಗ್ರಾಮಫೋನಿನ ಕೊಳವೆಯಿಂದ ಸೈನಿಕರ ಹೆಸರುಗಳು ಕೇಳುತ್ತವೆ. ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಯುರೋಪಿನ ರಂಗಭೂಮಿಯ ಯಂತ್ರವೈಭವ ಕೆಲವೆಡೆ ನರ್ತಕನ ಮೇಲೆ ಭಾರ ಹಾಕುತ್ತದೆ, ಮೆಹಫಿಲ್ ಬೇಗ ಮುಗಿದುಹೋಗುತ್ತದೆ. ಆದರೆ ನಾವು ಮೇಲೆ ಹೇಳಿದ ಸ್ಮರಣ ಸಂಚಿಕೆ ಮರೆತದ್ದನ್ನು ಈ ಕೃತಿ ನೆನಪಿಸಿಕೊಳ್ಳುತ್ತದೆ. ಅಲ್ಲಿ ಮನುಷ್ಯರಿಲ್ಲದ ಎರಡು ಸಾವಿರ ವರ್ಷ, ಇಲ್ಲಿ ನೂರು ವರ್ಷದ ಹಿಂದೆ ಸತ್ತ ಒಬ್ಬ ಮನುಷ್ಯ. ಗೆಜ್ಜೆಯ ಸದ್ದಿನಲ್ಲಿ ಅವನ ಹೆಜ್ಜೆ ಕೇಳಿಸುತ್ತದೆ.

ಪರದೇಶದ ಸಂಗತಿ ನಮಗೇಕೆ ಎಂದು ಓದುಗರು ಕೇಳಬಹುದು. ರಫ್ತಾದದ್ದು ತಿರುಗಿ ಆಮದಾಗುತ್ತದೆ, ಅದಕ್ಕೆ. ಈ ನೃತ್ಯ ದೇವಾಲಯದ್ದು ಮಾತ್ರ ಎಂಬ ಪುಸ್ತಿಕೆಯ ವಾಕ್ಯಕ್ಕೆ ಊರಿನಲ್ಲಿ ಬೇರೆಯೇ ಅರ್ಥ ಬರುತ್ತದೆ. ಕೇರಳದ ಇರಿಂಜಾಲಕುಡದ ಕೂಡಲ್‌ಮಾಣಿಕ್ಯಂ ದೇವಸ್ಥಾನದ ಉತ್ಸವದಲ್ಲಿ 2022ರಲ್ಲಿ ಭರತನಾಟ್ಯ ಕಲಾವಿದೆ ಮಾನ್ಸಿಯಾಗೆ, ಹಿಂದೂ ಅಲ್ಲ ಎಂಬ ಕಾರಣಕ್ಕೆ ಅವಕಾಶ ತಪ್ಪಿತು. ದೇವಸ್ಥಾನದ ಆವರಣಕ್ಕೆ ಅದರದೇ ನಿಯಮವಿದೆ ಎಂದರು. ಇರಬಹುದು. ಆಕೆಯನ್ನು ಬೆಂಬಲಿಸಿ ಕೆಲವು ಹಿಂದೂ ಕಲಾವಿದರು ತಮ್ಮ ಕಾರ್ಯಕ್ರಮಗಳಿಂದ ಹಿಂದೆ ಸರಿದರು ಎಂಬುದನ್ನೂ ನಾವು ನೆನೆಯಬೇಕು. ಹಾಗೆಯೇ, ಮುಸ್ಲಿಂ ಮನೆಯಲ್ಲಿ ಹುಟ್ಟಿದ ಆಕೆ ಕುಣಿಯುವುದನ್ನು ಸಹಿಸದೆ ಆ ಕುಟುಂಬವನ್ನು ಮೊದಲು ದೂರವಿಟ್ಟವರು ನಮ್ಮವರೇ ಎಂಬುದನ್ನು ಮುಚ್ಚಿಡಬಾರದು. ಒಂದು ಕಡೆ ನಿನ್ನದಲ್ಲ ಎನ್ನುವವರು, ಇನ್ನೊಂದು ಕಡೆ ನಮ್ಮದಲ್ಲ ಎನ್ನುವವರು. ಇಬ್ಬರೂ ಹೇಳುವುದು ಒಂದೇ ಮಾತು. ಅನಿವಾಸಿ ಮುಸ್ಲಿಮರಲ್ಲೂ ಅನೇಕರು ಮಕ್ಕಳಿಗೆ ಕಥಕ್, ಗಜಲ್, ಸಿತಾರ್‌ಗಳ ನೆರಳು ಬೀಳದಂತೆ ನೋಡಿಕೊಳ್ಳುತ್ತಾರೆ. ಖುಸ್ರೋನ ವಾರಸುದಾರಿಕೆಯನ್ನು ನಾವೇ ಬಿಟ್ಟುಕೊಟ್ಟ ಮೇಲೆ ಇನ್ನೊಬ್ಬರು ಅಳಿಸಿದರೆಂದು ದೂರುವುದು ಹೇಗೆ?

ಭಾರತದ ಕಲಾತಂಡಗಳನ್ನು ಹೊರದೇಶಗಳಿಗೆ ಕಳುಹಿಸುವ ಸರ್ಕಾರಿ ಸಂಸ್ಥೆ, ಸಾಂಸ್ಕೃತಿಕ ಸಂಬಂಧಗಳ ಭಾರತೀಯ ಪರಿಷತ್ತು, 1950ರಲ್ಲಿ ಹುಟ್ಟಿತು. ಅದನ್ನು ಸ್ಥಾಪಿಸಿದವರು ಮೌಲಾನಾ ಅಬುಲ್ ಕಲಾಂ ಆಜಾದ್. ಮಕ್ಕಾದಲ್ಲಿ ಹುಟ್ಟಿದ, ಕುರಾನಿಗೆ ಭಾಷ್ಯ ಬರೆದ ಆಲಿಮರೊಬ್ಬರಿಗೆ ಈ ದೇಶದ ನೃತ್ಯ ಸಂಗೀತಗಳನ್ನು ಜಗತ್ತಿಗೆ ಕಳುಹಿಸುವುದು ತಮ್ಮ ಕೆಲಸ ಅನ್ನಿಸಿತ್ತು.

ಅನಿವಾಸಿ ಗುರುಗಳಲ್ಲಿ, ತಂದೆತಾಯಿಗಳಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ಸ್ಮರಣ ಸಂಚಿಕೆಯಲ್ಲಿ ಭರತಮುನಿಯ ಪಕ್ಕದಲ್ಲಿ ವೆಂಕಟಲಕ್ಷಮ್ಮ, ಬಾಲಸರಸ್ವತಿಯರ ಹೆಸರು ಬರಲಿ. ಮಗಳು ಕೀರ್ತನೆಯ ಜೊತೆಗೆ ಒಂದು ಜಾವಳಿಯನ್ನೂ ಕಲಿಯಲಿ, ಅದನ್ನು ಯಾರ ಮನೆಯಿಂದ ತಂದೆವೆಂದು ತಿಳಿಯಲಿ. ಸಲಾಮಿಯನ್ನು ಸಲಾಮಿ ಎಂದೇ ಕರೆಯಲಿ. ಆಗ ಪಕ್ಕದ ಬೀದಿಯ ಹೈದರಾಬಾದಿನ ಹುಡುಗಿಯೂ, ಢಾಕಾದ ಹುಡುಗನೂ ಸಭಾಂಗಣಕ್ಕೆ ಬಂದು ಕೂತು, ಇದರಲ್ಲಿ ನಮ್ಮ ಪಾಲೂ ಇದೆ ಎಂದುಕೊಳ್ಳಬಹುದು.