‘ಬಾಳ್’: ಅಲಗೋ, ಬದುಕೋ?

ಭರಮಸಾಗರದ ಸೀಮೆಯವರಿಗೆ ‘ಬಾಳು’ ಎಂಬ ಮಾತಿನ ಪರಿಚಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿರಿಯರ ಹಾರೈಕೆಯಲ್ಲಿ ಅದುಂಟು. ಸಮೀಪದ ಸಿರಿಗೆರೆಯ ತರಳಬಾಳು ಪೀಠದ ಹೆಸರಿನಲ್ಲಿಯೂ ಉಂಟು. ಆದರೆ ಹಳಗನ್ನಡದ ನಿಘಂಟನ್ನು ತೆರೆದು ನೋಡಿದ ವಾಚಕರು ಬೆರಗಾಗುವರು. ಅಲ್ಲಿ ‘ಬಾಳ್’ ಎಂದರೆ ಖಡ್ಗ! ಹಾಗಾದರೆ ನಮ್ಮ ಬಾಳಿನೊಳಗೆ ಅಲಗೊಂದು ಅಡಗಿರುವುದೇ?

ಇಲ್ಲ. ಇವು ಬೇರೆ ಬೇರೆ ಬೇರಿನಿಂದ ಹುಟ್ಟಿದ ಎರಡು ಶಬ್ದಗಳು. ಬದುಕು ಎಂಬರ್ಥದ ಮಾತನ್ನು ಪ್ರಾಚೀನರು ‘ಬಾೞ್’ ಎಂದು ಬರೆದರು. ಖಡ್ಗವನ್ನು ‘ಬಾಳ್’ ಎಂದರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಮೊದಲನೆಯ ಅಕ್ಷರವನ್ನು ರಳವೆಂದೂ ಎರಡನೆಯದನ್ನು ಕುಳವೆಂದೂ ಬೇರ್ಪಡಿಸಿದ್ದಾನೆ. ಸೋದರಭಾಷೆಯಾದ ತಮಿಳು ಈ ಭೇದವನ್ನು ಇಂದಿಗೂ ಕಾಪಾಡಿಕೊಂಡಿದೆ: ಅಲ್ಲಿ ‘ವಾಳ್’ ಕತ್ತಿ, ‘ವಾೞ್’ ಬದುಕು. ಕನ್ನಡದಲ್ಲಿ ರಳವು ಮರೆಯಾಗಿ ಎರಡೂ ಒಂದೇ ರೂಪ ತಾಳಿದವು. ಕಾಲಕ್ರಮದಲ್ಲಿ ಕತ್ತಿ, ಖಡ್ಗಗಳು ಬಳಕೆಯಲ್ಲಿ ಉಳಿದು, ಆಯುಧವಾಚಿಯಾದ ಬಾಳ್ ಜಾರಿಹೋಯಿತು.

ಇದರ ಅರಿವಿಲ್ಲದಿದ್ದರೆ ಆಗುವ ಅನರ್ಥವೇನು? ಕ್ರಿ.ಶ. ೯೪೯–೫೦ರ ಆತಕೂರು ಶಾಸನವನ್ನು ನೋಡಿರಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಗಂಗರ ಬೂತುಗನು ಭೂಮಿಯನ್ನು ‘ಬಾಳ್ಗಚ್ಚು’ ಆಗಿ ಕೊಟ್ಟನೆಂದು ಅದು ಹೇಳುತ್ತದೆ. ಇಂದಿನ ಕಿವಿಗೆ ಬಾಳು ಬದುಕು, ಕಚ್ಚು ಎಂದರೆ ಹಲ್ಲಿನ ಕಡಿತ. ನಿಜವಾಗಿ ಇಲ್ಲಿ ಬಾಳ್ ಖಡ್ಗ. ಕಚ್ಚು ಎಂದರೆ ತೊಳೆಯುವುದು. ವೀರನ ಖಡ್ಗವನ್ನು ತೊಳೆದು ಕೊಡುವ ಮನ್ನಣೆಯ ಉಂಬಳಿಯೇ ಬಾಳ್ಗಚ್ಚು. ಒಂದು ಅಕ್ಷರದ ಅರಿವು ತಪ್ಪಿದರೆ ಒಂದು ಸಂಪ್ರದಾಯವೇ ನಮ್ಮ ಕಣ್ಣಿಗೆ ಕಾಣದೆ ಹೋಗುವುದು.

ಇನ್ನು ಪೀಠದ ಹೆಸರು. ಮರುಳಸಿದ್ಧರು ಶಿಷ್ಯನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿ ‘ತರಳಾ, ಬಾಳು’ ಎಂದು ಹರಸಿದರೆಂಬುದು ಪರಂಪರೆಯ ನಂಬುಗೆ. ತರಳನೆಂದರೆ ಮಗು. ಮಗುವಿಗೆ ಹೇಳುವ ಮಾತು ಬದುಕಿನದೇ ಹೊರತು ಕತ್ತಿಯದಲ್ಲ. ವ್ಯಾಕರಣವೂ ಇದನ್ನೇ ಸಮರ್ಥಿಸುತ್ತದೆ: ಬಾಳು ಎಂಬುದು ಇಲ್ಲಿ ಕ್ರಿಯಾಪದ, ಆಶೀರ್ವಾದದ ವಿಧಿರೂಪ, ಖಡ್ಗವಾಚಿಯಾದ ಬಾಳ್ ಬರಿಯ ನಾಮಪದ.

ಜನಸಾಮಾನ್ಯರಿಗೆಂದು ಅಚ್ಚಾಗುವ ಹಳಗನ್ನಡ ಪುಸ್ತಕಗಳಲ್ಲಿ ಓದಿಗೆ ಸುಲಭವಾಗಲೆಂದು ೞಕಾರದ ಬದಲು ಳಕಾರವನ್ನೇ ಅಚ್ಚಿಸುವುದುಂಟು. ಈ ಸೌಲಭ್ಯವು ದುಬಾರಿಯಾದುದು. ಮೂಲದ ಅಕ್ಷರವನ್ನು ಉಳಿಸುವುದು, ಇಲ್ಲವೇ ಅಡಿಯಲ್ಲಿ ಒಂದು ಟಿಪ್ಪಣಿ ಕೊಡುವುದು ಸಂಪಾದಕರ ಕರ್ತವ್ಯವೆಂದು ನಮ್ಮ ಅಭಿಪ್ರಾಯ.

ಮಠದ ನೆರಳಿನಲ್ಲಿ ಓದಿ ಇಂದು ಅಧ್ಯಾಪಕರಾಗಿರುವ ಸಹೃದಯರೇ, ನಿಮ್ಮ ಮಕ್ಕಳಿಗೆ ಈ ಎರಡು ಅಕ್ಷರಗಳನ್ನೂ ಕರಿಹಲಗೆಯ ಮೇಲೆ ಒಮ್ಮೆ ಬರೆದು ತೋರಿಸಿರಿ. ಅಲಗು ಯಾವುದು, ಬದುಕು ಯಾವುದು ಎಂಬ ವಿವೇಕವು ಅಕ್ಷರದಿಂದಲೇ ಮೊದಲಾಗಲಿ.